ಮುತ್ತು ಹುಡುಕಲು ಹೋಗಿ ಹುಳು ತಂದವರು

ಸ್ವಾತಿ ಮಳೆ ಮುತ್ತಿನ ಬೆಳೆ ಎನ್ನುವ ಗಾದೆಯನ್ನು ಪಟ್ಟನಾಯಕನಹಳ್ಳಿ, ಶಿರಾ, ಪಾವಗಡದ ಕಡೆಯ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಕ್ಟೋಬರ್ ಕೊನೆಯ ಆ ಮಳೆ ಹದವಾಗಿ ಬಿದ್ದರೆ ರಾಗಿ ತೆನೆ ತುಂಬುತ್ತದೆ, ಹುರುಳಿ ಕೈಹತ್ತುತ್ತದೆ. ಸಮುದ್ರ ಇಲ್ಲಿಂದ ನೂರಕ್ಕೂ ಹೆಚ್ಚು ಮೈಲಿ ದೂರ. ಆದರೂ ಗಾದೆಯ ಬೆನ್ನಿಗೆ ಸಮುದ್ರದ್ದೇ ಒಂದು ಹಳೆಯ ನಂಬಿಕೆ ಇದೆ: ಸ್ವಾತಿ ನಕ್ಷತ್ರದಲ್ಲಿ ಬಾಯಿ ತೆರೆದು ಕಾಯುವ ಚಿಪ್ಪಿನೊಳಗೆ ಬಿದ್ದ ಹನಿಯೇ ಮುತ್ತಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಿವರ್‌ಪೂಲಿನ ಪ್ರಾಧ್ಯಾಪಕರೊಬ್ಬರು ಮನ್ನಾರ್ ಕೊಲ್ಲಿಯಿಂದ ಬೇರೆಯೇ ಉತ್ತರ ಹೊತ್ತು ತಂದರು. ಹನಿಯಲ್ಲ, ಮರಳ ಕಣವೂ ಅಲ್ಲ, ಮುತ್ತಿನ ಒಳಗಿರುವುದು ಹುಳು ಎಂದರು. ಅದೂ ಶಾರ್ಕ್, ತೊರಕೆಗಳ ಕರುಳಿನಲ್ಲಿ ಬೆಳೆದು ದೊಡ್ಡದಾಗುವ ಲಾಡಿಹುಳುವಿನ ಮರಿ.

ಆ ಉತ್ತರ ಹತ್ತು ವರ್ಷ ಬಾಳಿತು. ಅದರ ನೆಪದಲ್ಲಿ ಪತ್ತೆಯಾದ ಲಾಡಿಹುಳುಗಳ ಕುಲಗಳು ಮಾತ್ರ ಇಂದಿಗೂ ಬಾಳುತ್ತಿವೆ.

ಮನ್ನಾರ್ ಕೊಲ್ಲಿಯ ಮುತ್ತಿಗೆ ಎರಡು ಸಾವಿರ ವರ್ಷಗಳ ಗಿರಾಕಿಗಳಿದ್ದರು. ವಿಜಯನಗರದ ಪೇಟೆಯಲ್ಲಿ ಮುತ್ತು ಮಾರುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಚಿಪ್ಪು ಸಿಗುವ ದಿಬ್ಬಗಳನ್ನು ತಮಿಳಿನಲ್ಲಿ ಪಾರ್ ಎನ್ನುತ್ತಾರೆ. ಈ ಪಾರ್‌ಗಳ ಸ್ವಭಾವ ವಿಚಿತ್ರ. ಒಂದು ವರ್ಷ ಕೋಟಿಗಟ್ಟಲೆ ಚಿಪ್ಪು, ಮುಂದಿನ ವರ್ಷ ಬರೀ ಮರಳು. ಸಿಲೋನಿನ ಬ್ರಿಟಿಷ್ ಸರ್ಕಾರ 1891ರಲ್ಲಿ ನಡೆಸಿದ ಮುತ್ತಿನ ಬೇಟೆಯ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಒಂದು ಬೇಟೆ ನಡೆಯಲಿಲ್ಲ. ಖಜಾನೆಗೆ ಬರುತ್ತಿದ್ದ ಲಕ್ಷಗಟ್ಟಲೆ ರೂಪಾಯಿ ನಿಂತುಹೋದಾಗ ಸರ್ಕಾರಕ್ಕೆ ವಿಜ್ಞಾನ ನೆನಪಾಯಿತು.

ಕರೆಸಿದ್ದು ವಿಲಿಯಂ ಅಬಟ್ ಹರ್ಡ್‌ಮನ್ ಅವರನ್ನು. ಲಿವರ್‌ಪೂಲಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಅವರು 1902ರ ಜನವರಿಯಲ್ಲಿ ಕೊಲಂಬೋಗೆ ಬಂದಿಳಿದರು, ಜೊತೆಗೆ ಸಹಾಯಕರಾಗಿ ಜೇಮ್ಸ್ ಹಾರ್ನೆಲ್. ಹಾರ್ನೆಲ್ ಅದುವರೆಗೆ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ ಸಮುದ್ರಜೀವಿಗಳ ಕೇಂದ್ರವೊಂದನ್ನು ನಡೆಸುತ್ತಿದ್ದವರು. ಪ್ರಾಧ್ಯಾಪಕರು ಕೆಲವೇ ತಿಂಗಳಲ್ಲಿ ಊರಿಗೆ ಮರಳಿದರು, ಹಾರ್ನೆಲ್ ಉಳಿದರು. ಪಾರ್‌ಗಳ ಮೇಲೆ ದೋಣಿಯಲ್ಲಿ ಅಲೆಯುವುದು, ಚಿಪ್ಪು ಸೀಳುವುದು, ಮೀನಿನ ಕರುಳು ಬಿಡಿಸುವುದು ಇವೆಲ್ಲ ಅವರ ಪಾಲಿಗೆ ಬಂದವು. ವರದಿಯ ಮುಖಪುಟದ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಹರ್ಡ್‌ಮನ್ ಹೆಸರು. ಕೈಗೆ ಕೊಳೆ ಹತ್ತಿಸಿಕೊಂಡವರು ಹಾರ್ನೆಲ್.

ಬೇಟೆಯ ಕಾಲದಲ್ಲಿ ಮನ್ನಾರಿನ ದಡ ಹೇಗಿರುತ್ತಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಒಬ್ಬರಿದ್ದಾರೆ. ಮುಂದೆ ಲಂಡನ್ನಿನಲ್ಲಿ ಲೇಖಕ, ಪ್ರಕಾಶಕ ಎಂದು ಹೆಸರಾದ ಲಿಯೊನಾರ್ಡ್ ವುಲ್ಫ್ 1906ರಲ್ಲಿ ಮರಿಚ್ಚುಕ್ಕಟ್ಟಿಯ ಶಿಬಿರದಲ್ಲಿ ಕಿರಿಯ ಅಧಿಕಾರಿಯಾಗಿದ್ದರು. ವರ್ಷದ ಬಹುಪಾಲು ಪೊದೆ, ಮರಳು ಬಿಟ್ಟರೆ ಏನೂ ಇಲ್ಲದ ಆ ಜಾಗದಲ್ಲಿ ಬೇಟೆಯ ವಾರಗಳಲ್ಲಿ ಹತ್ತಾರು ಸಾವಿರ ಜನರ ಊರು ಎದ್ದು ನಿಲ್ಲುತ್ತಿತ್ತು. ತೂತ್ತುಕುಡಿ, ಕೀಳಕ್ಕರೆಗಳ ಮುಳುಗಾಳುಗಳು, ಪರ್ಷಿಯನ್ ಕೊಲ್ಲಿಯ ಅರಬರು, ಚೆಟ್ಟಿಯಾರ್ ವ್ಯಾಪಾರಿಗಳು, ದಲ್ಲಾಳಿಗಳು ಎಲ್ಲರೂ ಅಲ್ಲೇ. ಬಂದ ಚಿಪ್ಪನ್ನು ಮೂರು ಪಾಲು ಮಾಡಿ ಎರಡನ್ನು ಸರ್ಕಾರ ಇಟ್ಟುಕೊಳ್ಳುತ್ತಿತ್ತು, ಒಂದು ಪಾಲು ಮುಳುಗಿದವರಿಗೆ. ಸರ್ಕಾರಿ ಪಾಲಿನ ಹರಾಜು ಅಂದಂದಿನ ಸಂಜೆಯೇ. ಕೊಂಡವರು ಚಿಪ್ಪನ್ನು ಬಿಸಿಲಿಗೆ ಕೊಳೆಯಲು ಬಿಟ್ಟು, ನೊಣದ ಮರಿಹುಳುಗಳು ಮಾಂಸ ತಿಂದು ಮುಗಿಸಿದ ಮೇಲೆ ತೊಳೆದು ಮುತ್ತು ಆರಿಸುತ್ತಿದ್ದರು. ಗಬ್ಬುನಾತ ಎಂಥದಿತ್ತೆಂದು ಊಹಿಸಿಕೊಳ್ಳಬಹುದು. ಯೂರೋಪಿನ ರಾಣಿಯರ ಕೊರಳಿನ ಹಾರದ ಮೊದಲ ಅಧ್ಯಾಯ ಅದು.

ಮುಳುಗುವವರು ಮೂಗು ಹಿಡಿದು, ಕಲ್ಲಿನ ಭಾರಕ್ಕೆ ಜೋತುಬಿದ್ದು ಇಳಿಯುತ್ತಿದ್ದರು. ಭಯ ಶಾರ್ಕಿನದು. ಆದ್ದರಿಂದ ಪ್ರತಿ ಬೇಟೆಗೂ ಕಡಲ್‌ಕಟ್ಟಿ ಬೇಕು, ಎಂದರೆ ಮಂತ್ರದಿಂದ ಶಾರ್ಕುಗಳ ಬಾಯಿ ಕಟ್ಟುವವನು. ಹದಿಮೂರನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಕೂಡ ಈ ಮಂತ್ರಗಾರರನ್ನು ಗಮನಿಸಿದ್ದ, ಸಿಕ್ಕ ಮುತ್ತಿನಲ್ಲಿ ಇಪ್ಪತ್ತರಲ್ಲೊಂದು ಪಾಲು ಅವರಿಗೆ ಹೋಗುತ್ತದೆಂದು ಬರೆದಿದ್ದ. ಬ್ರಿಟಿಷರ ಕಾಲದಲ್ಲೂ ಈ ಪದ್ಧತಿ ಮುಂದುವರಿಯಿತು. ಸಿಲೋನಿನ ಬಗ್ಗೆ 1859ರಲ್ಲಿ ದೊಡ್ಡ ಗ್ರಂಥ ಬರೆದ ಎಮರ್ಸನ್ ಟೆನೆಂಟ್ ಹೇಳುವಂತೆ, ಈ ಅಧಿಕಾರ ವಂಶಪಾರಂಪರ್ಯವಾಗಿ ಬರುವಂಥದು. ಆಗಿನ ಯಜಮಾನ ರೋಮನ್ ಕ್ಯಾಥೊಲಿಕ್ ಆಗಿದ್ದ. ಮಂತ್ರದ ಶಕ್ತಿಗೆ ಅದರಿಂದ ಏನೂ ಕುಂದಿಲ್ಲವೆಂದೇ ಎಲ್ಲರ ನಂಬಿಕೆ. ಮುಳುಗಾಳುಗಳಿಗೆ ಶಾರ್ಕು ದೂರವಿದ್ದಷ್ಟೂ ಒಳ್ಳೆಯದು. ಹಾರ್ನೆಲ್‌ಗೆ ಮಾತ್ರ ಅದು ಕೈಗೆ ಸಿಗಬೇಕಿತ್ತು, ಹೊಟ್ಟೆ ಸೀಳಿ ನೋಡಲು.

ಹುಳುವಿನ ಅನುಮಾನ ಹರ್ಡ್‌ಮನ್ ತಲೆಯಲ್ಲಿ ಹುಟ್ಟಿದ್ದೇನಲ್ಲ. ಇಟಲಿಯ ಫಿಲಿಪ್ಪಿ 1852ರಲ್ಲೇ ಸಿಹಿನೀರಿನ ಮೃದ್ವಂಗಿಯೊಳಗಿನ ಮುತ್ತಿಗೆ ಪರಾವಲಂಬಿ ಹುಳುವೇ ಕಾರಣವೆಂದಿದ್ದರು. ಸಿಲೋನಿನಲ್ಲೇ ಹುಟ್ಟಿ ಬೆಳೆದ ವೈದ್ಯ ಎಡ್ವರ್ಡ್ ಕೆಲಾರ್ಟ್ 1857ರಿಂದ 1859ರವರೆಗೆ ಮನ್ನಾರಿನ ಚಿಪ್ಪುಗಳನ್ನು ಪರೀಕ್ಷಿಸಿ ಅವುಗಳೊಳಗೆ ಹುಳು ಕಂಡರು, ಮುತ್ತಿಗೂ ಅದಕ್ಕೂ ಸಂಬಂಧವಿದೆಯೆಂದು ವರದಿ ಮಾಡಿದರು. ಮರುವರ್ಷವೇ ತೀರಿಕೊಂಡದ್ದರಿಂದ ಅವರ ಕೆಲಸ ಅಲ್ಲಿಗೇ ನಿಂತಿತು. ಫ್ರಾನ್ಸಿನ ರಫಾಯೆಲ್ ದ್ಯುಬ್ವಾ 1901ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಷ್ಟೇ ಸುಂದರವಾದ ಮುತ್ತಾದರೂ ಅದು ಹುಳುವಿನ ಗೋರಿ ಎಂಬರ್ಥದ ಮಾತಾಡಿದರು. ಹರ್ಡ್‌ಮನ್ ಸಿಲೋನಿಗೆ ಹೊರಟಾಗ ಗಾಳಿಯಲ್ಲಿ ಈ ಮಾತೇ ತುಂಬಿತ್ತು. ಹುಡುಕುವವನಿಗೆ ತಾನು ಹುಡುಕುತ್ತಿರುವುದೇ ಕಾಣಿಸುವ ಅಪಾಯ ಆಗಲೇ ಶುರುವಾಗಿತ್ತೆನ್ನಬೇಕು.

ಕಂಡದ್ದಂತೂ ನಿಜ. ಮನ್ನಾರಿನ ಚಿಪ್ಪುಗಳ ಮಾಂಸದಲ್ಲಿ ಸಣ್ಣ ಗುಂಡಗಿನ ಚೀಲಗಳು, ಪ್ರತಿ ಚೀಲದೊಳಗೂ ಒಂದು ಲಾಡಿಹುಳುವಿನ ಮರಿ. ಕೆಲವು ಮುತ್ತುಗಳ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ ನೋಡಿದಾಗ ನಡುವೆ ಹುಳುವಿನ ಅವಶೇಷದಂಥದ್ದು ಕಾಣಿಸಿತು. ಇನ್ನು ಉಳಿದದ್ದು ಈ ಮರಿ ಎಲ್ಲಿ ದೊಡ್ಡದಾಗುತ್ತದೆ ಎಂಬ ಪ್ರಶ್ನೆ.

ಶಿರಾ, ಪಾವಗಡದ ಕುರಿಗಾಹಿಗಳಿಗೆ ಲಾಡಿಹುಳು ಹೊಸ ಸಂಗತಿಯಲ್ಲ. ಕುರಿಮರಿಯ ಹಿಕ್ಕೆಯಲ್ಲಿ ಬೆಂದ ಅನ್ನದ ಅಗುಳಿನಂತೆ ಬೀಳುವ ಬಿಳಿ ತುಣುಕುಗಳು ಅದರವೇ. ಹುಳುವಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ತಲೆಯಿಂದ ಕರುಳಿಗೆ ಕಚ್ಚಿಕೊಂಡು, ಮೈಯೆಲ್ಲದರಿಂದ ಆಹಾರ ಹೀರುತ್ತ, ಮೊಟ್ಟೆ ತುಂಬಿದ ತುಣುಕುಗಳನ್ನು ಹಿಂದಿನಿಂದ ಕಳಚಿ ಬಿಡುತ್ತದೆ. ಕುರಿಯ ಲಾಡಿಹುಳುವಿನ ಮರಿ ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಮೈಯಲ್ಲಿ ಬೆಳೆದು, ಮೇಯುವ ಕುರಿಯ ಬಾಯಿಗೆ ಹೋಗುತ್ತದೆ. ಸಮುದ್ರದಲ್ಲೂ ಲೆಕ್ಕ ಇದೇ, ಮೆಟ್ಟಿಲು ಮಾತ್ರ ಹೆಚ್ಚು. ಚಿಪ್ಪಿನಲ್ಲಿ ಮರಿಯಾಗಿರುವ ಹುಳು, ಚಿಪ್ಪನ್ನು ಕಡಿದು ತಿನ್ನುವ ಗಟ್ಟಿ ಹಲ್ಲಿನ ಬಾಲಿಸ್ಟಿಸ್ ಮೀನಿಗೆ ದಾಟಿ, ಆ ಮೀನನ್ನು ನುಂಗುವ ಶಾರ್ಕ್ ಅಥವಾ ತೊರಕೆಯ ಕರುಳಿನಲ್ಲಿ ಪೂರ್ಣ ಬೆಳೆಯುತ್ತದೆ ಎಂದು ಹರ್ಡ್‌ಮನ್, ಹಾರ್ನೆಲ್ ತೀರ್ಮಾನಿಸಿದರು. ಹುಳುವಿಗೆ 1904ರಲ್ಲಿ ಇಟ್ಟ ಹೆಸರು ಟೆಟ್ರರಿಂಕಸ್ ಯೂನಿಯೊನಿಫ್ಯಾಕ್ಟರ್, ಮುತ್ತು ಮಾಡುವ ಟೆಟ್ರರಿಂಕಸ್. ಸಿದ್ಧಾಂತವನ್ನು ಹೆಸರಿನಲ್ಲೇ ಮೊಳೆ ಹೊಡೆದು ಕೂರಿಸಿದ್ದಾಯಿತು.

ಇದರಿಂದ ಹುಟ್ಟಿದ ತರ್ಕ ಸ್ವಾರಸ್ಯದ್ದು. ಹುಳು ಹೆಚ್ಚಿದರೆ ಮುತ್ತು ಹೆಚ್ಚಬೇಕು, ಹುಳು ಹೆಚ್ಚಲು ಶಾರ್ಕ್, ತೊರಕೆಗಳು ಹೆಚ್ಚಬೇಕು. ಹಾಗಾದರೆ ಕಡಲ್‌ಕಟ್ಟಿ ದೂರ ಅಟ್ಟುತ್ತಿದ್ದ ಪ್ರಾಣಿಯೇ ಬೇಟೆಯ ನಿಜವಾದ ಯಜಮಾನ!

ಹುಳುಗಳಿಗೆ ಹೆಸರಿಡುವ ಕೆಲಸಕ್ಕೆ ಮೂರನೆಯವರೊಬ್ಬರು ಸೇರಿದರು. ಕೇಂಬ್ರಿಡ್ಜಿನ ಪ್ರಾಣಿಶಾಸ್ತ್ರಜ್ಞ ಆರ್ಥರ್ ಶಿಪ್ಲಿ. ಮುಂದೆ ಆ ವಿಶ್ವವಿದ್ಯಾಲಯದ ಕುಲಪತಿಯ ಸ್ಥಾನಕ್ಕೇರಿದವರು. ಹಾರ್ನೆಲ್ ಮನ್ನಾರಿನಲ್ಲಿ ಮೀನು ಸೀಳಿ, ಹುಳು ತೆಗೆದು, ಸ್ಪಿರಿಟಿನಲ್ಲಿ ಮುಳುಗಿಸಿ ಸೀಸೆಗಳನ್ನು ಕಳಿಸುವುದು, ಶಿಪ್ಲಿ ಕೇಂಬ್ರಿಡ್ಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. 1904ರಿಂದ 1906ರವರೆಗೆ ಇಬ್ಬರೂ ಸೇರಿ ಬರೆದ ವರದಿಗಳು ಮುತ್ತಿನ ಬಗ್ಗೆ ಹೇಳಿದ್ದಕ್ಕಿಂತ ಹುಳುವಿನ ಬಗ್ಗೆ ಹೇಳಿದ್ದೇ ಹೆಚ್ಚು.

ಶಾರ್ಕಿನ ಕರುಳು ನಮ್ಮದರಂತೆ ಬರೀ ಕೊಳವೆಯಲ್ಲ. ಒಳಗೆ ಸುರುಳಿಯಾಗಿ ಸುತ್ತಿದ ಮಡಿಕೆ ಇರುತ್ತದೆ. ಕಿರಿದಾದ ಜಾಗದಲ್ಲಿ ಆಹಾರ ಹೀರುವ ಮೈ ಹೆಚ್ಚಲು ಪ್ರಕೃತಿ ಮಾಡಿಕೊಂಡ ಏರ್ಪಾಡು. ಲಾಡಿಹುಳುಗಳು ಬೀಡುಬಿಡುವುದು ಅಲ್ಲೇ. ಅನೇಕವು ಕೆಲವೇ ಮಿಲಿಮೀಟರ್ ಉದ್ದದವು. ಒಂದೊಂದರ ತಲೆಯೂ ಒಂದೊಂದು ಥರ: ನಾಲ್ಕು ಎಲೆಗಳಂಥ ಹಿಡಿಕೆಗಳು, ಬಟ್ಟಲುಗಳು, ಕೊಕ್ಕೆಗಳು, ಮುಳ್ಳು ತುಂಬಿದ ಸೊಂಡಿಲುಗಳು. ಹುಳು ಯಾವ ಕುಲದ್ದು ಎಂದು ತೀರ್ಮಾನಿಸುವುದು ಮುಖ್ಯವಾಗಿ ಈ ತಲೆ ನೋಡಿ, ಆಮೇಲೆ ತುಣುಕುಗಳೊಳಗೆ ಅಂಡಾಶಯ, ವೃಷಣಗಳು ಎಲ್ಲೆಲ್ಲಿವೆ ಎಂದು ನೋಡಿ. ತಿಳಿದಿರುವ ಯಾವ ಕುಲದ ಅಳತೆಗೂ ಹುಳು ಹೊಂದದಿದ್ದರೆ ಹೊಸ ಕುಲವೊಂದನ್ನು ತೆರೆಯಬೇಕು. ಅದಕ್ಕೆ ಹೆಸರು ಬೇಕು, ಲಕ್ಷಣಗಳ ವಿವರಣೆ ಬೇಕು, ಚಿತ್ರ ಬೇಕು, ಕುಲಕ್ಕೆ ಮಾದರಿಯಾಗಿ ನಿಲ್ಲುವ ಒಂದು ಪ್ರಭೇದ ಬೇಕು.

ಮನ್ನಾರಿನ ಸೀಸೆಗಳಿಂದ ಶಿಪ್ಲಿ, ಹಾರ್ನೆಲ್ ಇಂಥ ಕುಲಗಳನ್ನು ಒಂದರ ಹಿಂದೊಂದು ತೆರೆದರು. ತೊರಕೆಗಳಿಂದ 1905ರಲ್ಲಿ ಟೆಟ್ರಗೊನೊಸೆಫಾಲಮ್, 1906ರಲ್ಲಿ ಎನಿಯೊಕೊಬಾತ್ರಿಯಮ್. ಅದೇ ವರ್ಷ ಕಿಲೊಸಿಲಿಯಮ್ ಎಂಬ ತಳದಲ್ಲಿ ವಾಸಿಸುವ ಸಣ್ಣ ಶಾರ್ಕಿನಿಂದ ಕಾರ್ಪೊಬಾತ್ರಿಯಮ್, ತಲೆಯ ಮೇಲೆ ನಾಲ್ಕು ಚೀಲಗಳಿರುವ ಹುಳು. ಹದ್ದಿನಂತೆ ರೆಕ್ಕೆ ಬಿಚ್ಚಿ ಈಜುವ ತೊರಕೆಯೊಂದರಲ್ಲಿ ಸಿಕ್ಕಿದ್ದಕ್ಕೆ, ಹೆಡೆ ಬಿಚ್ಚಿದ ನಾಗರದಂಥ ಆಕಾರ ನೋಡಿ, ಹಾರ್ನೆಲೊಬಾತ್ರಿಯಮ್ ಕೋಬ್ರಾಫಾರ್ಮಿಸ್ ಎಂದು ನಾಮಕರಣವಾಯಿತು. ಹಾರ್ನೆಲ್ ಗೌರವಾರ್ಥ ಇಟ್ಟ ಆ ಹೆಸರಿನ ಕೆಳಗೆ ಲೇಖಕರಲ್ಲೊಬ್ಬರಾಗಿ ಹಾರ್ನೆಲ್ ಅವರದೇ ಸಹಿ ಇದೆ. ಶಿಪ್ಲಿಯ ಒತ್ತಾಯವೇ ಇರಬೇಕೆಂದು ಭಾವಿಸಿ ಮುಂದೆ ಹೋಗೋಣ.

ಅತ್ತ ಪಾರ್‌ಗಳು ವಿಜ್ಞಾನಕ್ಕೆ ಕಾಯದೆ ತಾವೇ ಮೈತುಂಬಿಕೊಂಡವು. 1903, 1904ರ ಬೇಟೆಗಳು ಚೆನ್ನಾಗಿ ನಡೆದವು. 1905ರದಂತೂ ದಾಖಲೆ: 8 ಕೋಟಿಗೂ ಹೆಚ್ಚು ಚಿಪ್ಪು, ಸರ್ಕಾರಕ್ಕೆ ಸುಮಾರು 25 ಲಕ್ಷ ರೂಪಾಯಿ. ಹಣ ಕಂಡಲ್ಲಿ ಕಂಪನಿ ಹುಟ್ಟುತ್ತದೆ. ಲಂಡನ್ನಿನಲ್ಲಿ ಸಿಲೋನ್ ಕಂಪನಿ ಆಫ್ ಪರ್ಲ್ ಫಿಷರ್ಸ್ ಸ್ಥಾಪನೆಯಾಗಿ, ವರ್ಷಕ್ಕೆ 3,10,000 ರೂಪಾಯಿಯಂತೆ 20 ವರ್ಷಕ್ಕೆ ಪಾರ್‌ಗಳನ್ನು 1906ರಲ್ಲಿ ಗುತ್ತಿಗೆಗೆ ಪಡೆಯಿತು. ವಿಜ್ಞಾನ ಜೊತೆಗಿದೆ, ಮುತ್ತಿನ ಗುಟ್ಟು ರಟ್ಟಾಗಿದೆ, ಇನ್ನೇನು ಬೇಕು? ಕಂಪನಿಗೆ ಸಿಕ್ಕಿದ್ದು 1906, 1907ರ ಎರಡು ಬೇಟೆ. ಆಮೇಲೆ ಚಿಪ್ಪು ಕಾಣೆಯಾಯಿತು. 1912ರ ಹೊತ್ತಿಗೆ ಕಂಪನಿ ಬಾಗಿಲು ಮುಚ್ಚಿತು. ಮನ್ನಾರಿನ ಸಿಲೋನ್ ದಡದಲ್ಲಿ ಮತ್ತೆ ಬೇಟೆ ನಡೆಯಲು 1925ರವರೆಗೆ ಕಾಯಬೇಕಾಯಿತು.

ಕಂಪನಿ ಮುಳುಗಿದ ವರ್ಷವೇ ಸಿದ್ಧಾಂತವೂ ಮುಳುಗಿತು. ಮುಳುಗಿಸಿದವರು ಹೆನ್ರಿ ಲಿಸ್ಟರ್ ಜೇಮ್ಸನ್. ಇವರೂ ಒಂದು ಕಾಲಕ್ಕೆ ಹುಳುವಿನ ಪಕ್ಷದವರೇ, ಬ್ರಿಟನ್ನಿನ ತೀರದ ನೀಲಿ ಚಿಪ್ಪುಗಳ ಮುತ್ತಿಗೆ ಬೇರೊಂದು ಹುಳು ಕಾರಣವೆಂದು 1902ರಲ್ಲಿ ಬರೆದಿದ್ದರು. 1912ರಲ್ಲಿ ಸಿಲೋನಿನ ಚಿಪ್ಪು, ಮುತ್ತುಗಳನ್ನು ತಾವೇ ಪರೀಕ್ಷಿಸಿ ಎರಡು ಮಾತು ಹೇಳಿದರು. ಒಂದು, ಗುಂಡಗಿನ ಚೀಲದೊಳಗಿನ ಮರಿ ಟೆಟ್ರರಿಂಕಸ್ ಅಲ್ಲವೇ ಅಲ್ಲ, ಟೈಲೊಸೆಫಾಲಮ್ ಎಂಬ ಬೇರೆ ಕುಲದ್ದು. ಸೊಂಡಿಲಿರುವ ಹುಳುವಿಗೂ, ತಲೆಯ ತುಂಬ ಒಂದೇ ದಪ್ಪ ಮೆತ್ತೆಯಿರುವ ಹುಳುವಿಗೂ ತಳುಕು ಹಾಕಲಾಗಿದೆ. ಎರಡು, ಮುತ್ತಿನ ನಡುವೆ ಹುಳು ಇದೆಯೆನ್ನಲು ಆಧಾರ ಸಾಲದು. ಚಿಪ್ಪಿನ ಒಳಹೊದಿಕೆಯ ಜೀವಕೋಶಗಳು ಹೇಗೋ ಸ್ಥಾನ ತಪ್ಪಿ ಮಾಂಸದೊಳಗೆ ಸೇರಿ ಚೀಲವಾದಾಗ, ಆ ಚೀಲದೊಳಗೆ ಪದರ ಪದರವಾಗಿ ಮುತ್ತು ಕಟ್ಟುತ್ತದೆ.

ಜಪಾನಿನಲ್ಲಿ ಅದೇ ಹೊತ್ತಿಗೆ ನಿಶಿಕಾವಾ, ಮಿಸೆ ಎಂಬ ಇಬ್ಬರು ಮಾಡುತ್ತಿದ್ದುದು ಇದನ್ನೇ: ಒಂದು ಚಿಪ್ಪಿನ ಹೊದಿಕೆಯ ತುಣುಕು, ಒಂದು ಸಣ್ಣ ಗುಂಡು, ಎರಡನ್ನೂ ಇನ್ನೊಂದು ಚಿಪ್ಪಿನ ಮೈಯೊಳಗೆ ಕೂರಿಸುವುದು. ಮಿಕಿಮೊಟೊ ಸಾಮ್ರಾಜ್ಯ ಬೆಳೆದದ್ದು ಇಂಥ ವಿಧಾನದ ಮೇಲೆ. ಭಾರತದಲ್ಲಿ ಕೆ. ಅಳಗರಸ್ವಾಮಿ ಮತ್ತು ಸಂಗಡಿಗರು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಿಂದ, ತೂತ್ತುಕುಡಿಯ ಬಳಿ, 1973ರಲ್ಲಿ ದುಂಡು ಮುತ್ತು ಬೆಳೆದರು. ಅದರಲ್ಲೆಲ್ಲೂ ಹುಳುವಿಗೆ ಕೆಲಸವಿರಲಿಲ್ಲ.

ಸೋತ ಸಿದ್ಧಾಂತದ ಸಹಲೇಖಕ ಸುಮ್ಮನೆ ಕೂರಲಿಲ್ಲ. ಹಾರ್ನೆಲ್ 1908ರಲ್ಲೇ ಮದ್ರಾಸ್ ಪ್ರೆಸಿಡೆನ್ಸಿಯ ಮೀನುಗಾರಿಕೆ ಇಲಾಖೆಗೆ ಸೇರಿದ್ದರು. ಫ್ರೆಡರಿಕ್ ನಿಕೋಲ್ಸನ್ ಕಟ್ಟಿದ ಆ ಇಲಾಖೆಗೆ 1918ರಿಂದ 1924ರವರೆಗೆ ಅವರೇ ನಿರ್ದೇಶಕರು. ಮಂಗಳೂರು, ಮಲ್ಪೆ, ಕಾಸರಗೋಡುಗಳನ್ನೊಳಗೊಂಡ ದಕ್ಷಿಣ ಕನ್ನಡ ಆಗ ಮದ್ರಾಸಿನ ಜಿಲ್ಲೆ. ಹೀಗೆ ತುಳುವರು ತಾಟೆ ಎಂದೂ ಕೊಂಕಣಿಗರು ಮೋರಿ ಎಂದೂ ಕರೆಯುವ ಶಾರ್ಕ್ ಬೀಳುವ ಕನ್ನಡ ಕರಾವಳಿಯ ಬಲೆಗಳೆಲ್ಲ ಶಾರ್ಕಿನ ಹುಳು ಬಲ್ಲ ಈ ಅಧಿಕಾರಿಯ ಇಲಾಖೆಗೆ ಒಳಪಟ್ಟವು. ಬೂತಾಯಿ ಮೀನಿನ ಎಣ್ಣೆ, ಗೊಬ್ಬರದ ಕಾರ್ಖಾನೆಗಳು ಮಲಬಾರ್, ದಕ್ಷಿಣ ಕನ್ನಡದ ದಡಗಳಲ್ಲಿ ಹಬ್ಬಿದ್ದು ಈ ಇಲಾಖೆಯ ಕಾಲದಲ್ಲೇ. ಹಾರ್ನೆಲ್ ಭಾರತದ ದೋಣಿಗಳ ಬಗ್ಗೆ 1920ರಲ್ಲಿ ಪ್ರಕಟಿಸಿದ ಪ್ರಬಂಧ ದೋಣಿಗಳ ಅಧ್ಯಯನಕ್ಕೆ ಇಂದಿಗೂ ಅಡಿಗಲ್ಲು.

ಇಷ್ಟರ ನಡುವೆಯೂ ಅವರಿಗೆ ಹುಳುವಿನ ಗೀಳು ಬಿಡಲಿಲ್ಲ. 1911ರಲ್ಲಿ, ಈ ಬಾರಿ ಶಿಪ್ಲಿಯ ಹೆಗಲಿಲ್ಲದೆ, ಶಾರ್ಕಿನ ಲಾಡಿಹುಳುಗಳ ಹೊಸ ಕುಲವೊಂದನ್ನು ಒಬ್ಬರೇ ಬಣ್ಣಿಸಿದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಅದನ್ನು ಪ್ರಕಟಿಸಿತು. ಕುಲದ ಹೆಸರು ಬಲಾನೊಬಾತ್ರಿಯಮ್, ಮಾದರಿ ಪ್ರಭೇದ ಬಲಾನೊಬಾತ್ರಿಯಮ್ ಟೆನಾಕ್ಸ್. ಆತಿಥೇಯ ಸ್ಟೆಗೊಸ್ಟೊಮ ಎಂಬ ಶಾರ್ಕ್, ಮರಿಯಾಗಿದ್ದಾಗ ಮೈಮೇಲೆ ಪಟ್ಟೆ, ದೊಡ್ಡದಾದ ಮೇಲೆ ಚುಕ್ಕೆ. ಹಗಲು ತಳದಲ್ಲಿ ಬಿದ್ದಿದ್ದು ರಾತ್ರಿ ಚಿಪ್ಪುಜೀವಿಗಳನ್ನು ಹೆಕ್ಕಿ ತಿನ್ನುವ ಸಾಧು. ಅದರ ಕರುಳಿನಲ್ಲಿ ಸಿಕ್ಕ ಹುಳು ಮಾತ್ರ ಸಾಧುವಲ್ಲ. ತಲೆಯನ್ನು ಕರುಳಿನ ಗೋಡೆಯೊಳಕ್ಕೇ ಹೂತು ಕೂತಿರುತ್ತದೆ, ಎಳೆದರೆ ಬರುವಂಥದಲ್ಲ. ಮುತ್ತಿನ ಆಸೆಯಾಗಲಿ ಸರ್ಕಾರದ ಒತ್ತಡವಾಗಲಿ ಈ ಬರಹದ ಹಿಂದೆ ಇರಲಿಲ್ಲ. ಹುಳುವನ್ನು ಹುಳುವಿಗಾಗಿಯೇ ನೋಡಿದ್ದು.

ಕಂಪನಿಯ ವಿಜ್ಞಾನ ಸಲಹೆಗಾರರಾಗಿ ಸಿಲೋನಿಗೆ ಬಂದಿದ್ದ ಥಾಮಸ್ ಸೌತ್‌ವೆಲ್ ಕಥೆಯೂ ಹೀಗೆಯೇ ತಿರುಗಿತು. ಬಂದದ್ದು ಮುತ್ತಿಗಾಗಿ, ಕಂಪನಿ ಸತ್ತ ಮೇಲೆ ಬಂಗಾಳ, ಬಿಹಾರದ ಮೀನುಗಾರಿಕೆ ಇಲಾಖೆಗೆ ಹೋದರು, ಕೊನೆಗೆ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ನೆಲೆನಿಂತು ಲಾಡಿಹುಳುವಿನ ದೊಡ್ಡ ಪಂಡಿತರಾದರು. ಕಿಲೊಸಿಲಿಯಮ್ ಶಾರ್ಕಿನಿಂದ ಇನ್ನೊಂದು ಕುಲವನ್ನು 1927ರಲ್ಲಿ ಬಣ್ಣಿಸಿ, ಲಿವರ್‌ಪೂಲಿನ ಸಹೋದ್ಯೋಗಿ ವಾರಿಂಗ್ಟನ್ ಯಾರ್ಕ್ ಗೌರವಾರ್ಥ ಯಾರ್ಕೀರಿಯ ಎಂದು ಕರೆದರು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಗೆ 1930ರಲ್ಲಿ ಅವರು ಬರೆದ ಎರಡು ಸಂಪುಟಗಳು ದಶಕಗಳ ಕಾಲ ಭಾರತದ ಪ್ರತಿ ಪರಾವಲಂಬಿಶಾಸ್ತ್ರ ವಿದ್ಯಾರ್ಥಿಯ ಮೇಜಿನ ಮೇಲಿದ್ದವು. ಅವುಗಳ ಬಲದ ಮೇಲೆಯೇ 1955ರಲ್ಲಿ ಸಿ.ಕೆ. ಸುಭಪ್ರದಾ ಮದ್ರಾಸ್ ತೀರದ ಮೀನುಗಳ ಲಾಡಿಹುಳುಗಳನ್ನು ವಿವರಿಸಿದ್ದು, 1970, 80ರ ದಶಕಗಳಲ್ಲಿ ಔರಂಗಾಬಾದಿನ ಜಿ.ಬಿ. ಶಿಂಧೆ ಮತ್ತು ಶಿಷ್ಯರು ಪಶ್ಚಿಮ ಕರಾವಳಿಯ ಶಾರ್ಕ್, ತೊರಕೆಗಳಿಂದ ಹೊಸ ಪ್ರಭೇದಗಳನ್ನು ಸಾಲುಗಟ್ಟಿ ಪ್ರಕಟಿಸಿದ್ದು. ಆ ಸಾಲಿನಲ್ಲಿ ಎಲ್ಲವೂ ಮುಂದಿನವರ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಚಿತ್ರ ಸ್ಪಷ್ಟವಿಲ್ಲದಿದ್ದರೆ, ಮಾದರಿ ಹುಳು ಎಲ್ಲಿದೆಯೆಂದು ಗೊತ್ತಾಗದಿದ್ದರೆ ಹೆಸರು ಇದ್ದೂ ಇಲ್ಲದಂತೆ.

ಅಮೆರಿಕದ ಜನೈನ್ ಕೈರಾ, ಕರ್ಸ್ಟನ್ ಜೆನ್ಸನ್ ಮುಂದಾಳತ್ವದಲ್ಲಿ 2008ರಿಂದ 2017ರವರೆಗೆ ಜಗತ್ತಿನಾದ್ಯಂತ ಲಾಡಿಹುಳುಗಳ ಗಣತಿ ನಡೆಯಿತು. ಈಗ ತಲೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಡಿಎನ್‌ಎ ಓದುತ್ತಾರೆ, ಹುಳು ತೆಗೆದ ಶಾರ್ಕ್ ನಿಜಕ್ಕೂ ಯಾವ ಪ್ರಭೇದದ್ದೆಂದು ಅದರ ಮಾಂಸದ ಚೂರಿನಿಂದಲೇ ಖಚಿತಪಡಿಸಿಕೊಳ್ಳುತ್ತಾರೆ. ಲಾಡಿಹುಳುಗಳ 19 ಗಣಗಳಲ್ಲಿ 9 ಗಣಗಳು ಶಾರ್ಕ್, ತೊರಕೆಗಳಲ್ಲಿ ನೆಲೆಸಿವೆ, ಪ್ರಭೇದಗಳ ಸಂಖ್ಯೆ ಸಾವಿರದ ಹತ್ತಿರ. ಕಾರ್ಪೊಬಾತ್ರಿಯಮ್, ಟೆಟ್ರಗೊನೊಸೆಫಾಲಮ್, ಹಾರ್ನೆಲೊಬಾತ್ರಿಯಮ್, ಬಲಾನೊಬಾತ್ರಿಯಮ್, ಯಾರ್ಕೀರಿಯ ಎಲ್ಲವೂ ಈ ಹೊಸ ಪಟ್ಟಿಯಲ್ಲಿ ಊರ್ಜಿತ ಕುಲಗಳಾಗಿಯೇ ಇವೆ. ಮುತ್ತು ಮಾಡುವ ಟೆಟ್ರರಿಂಕಸ್ ಪುಸ್ತಕದ ಅಡಿಟಿಪ್ಪಣಿಗೆ ಸರಿದಿದೆ.

ಮಲ್ಪೆ, ಮಂಗಳೂರು ಬಂದರುಗಳಲ್ಲಿ ತಾಟೆ, ತೊರಕೆಗಳು ಈಗಲೂ ಇಳಿಯುತ್ತವೆ. ಹುಳು ಬೇಕಾದವರು ಬೆಳಗಿನ ಹರಾಜಿಗೇ ಬರಬೇಕು, ಏಕೆಂದರೆ ಮೀನು ಸತ್ತ ಕೆಲವು ಗಂಟೆಗಳಲ್ಲಿ ಹುಳುವಿನ ತಲೆಯ ಸೂಕ್ಷ್ಮ ರಚನೆ ಕೊಳೆತು ಕರಗುತ್ತದೆ. ಯಾವ ಶಾರ್ಕನ್ನಾದರೂ ಸೀಳುವಂತೆಯೂ ಇಲ್ಲ. 2001ರಲ್ಲಿ ತಿಮಿಂಗಿಲ ಶಾರ್ಕ್ ಸೇರಿ ಹಲವು ಶಾರ್ಕ್, ತೊರಕೆಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಬಂದವು. ಹಾರ್ನೆಲ್ ಸೀಳಿದ ಸ್ಟೆಗೊಸ್ಟೊಮ ಇಂದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯದಂಚಿನ ಪ್ರಾಣಿ. ಬಲಾನೊಬಾತ್ರಿಯಮ್ ಟೆನಾಕ್ಸ್ ದೊಡ್ಡದಾಗಲು ಆ ಶಾರ್ಕಿನ ಕರುಳೇ ಬೇಕು. ಒಂದು ಹೋದರೆ ಇನ್ನೊಂದೂ ಹೋಗುತ್ತದೆ, ಆ ನಷ್ಟಕ್ಕೆ ಯಾವ ಪಟ್ಟಿಯಲ್ಲೂ ಲೆಕ್ಕವಿಲ್ಲ.